ಬಿಲ್ಲಿನಲ್ಲಿ ಒಂದು ತಿನಿಸು ಬಿಟ್ಟುಹೋಗಿದ್ದರೆ ಟಿಪ್ ಎಷ್ಟು ಕೊಡಬೇಕು?

ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ಸುತ್ತಮುತ್ತ ಹೊಸದಾಗಿ ಬಂದು ನೆಲೆಸುವ ಕುಟುಂಬಗಳು ನಮ್ಮ ಸಂಘದವರಲ್ಲಿ ಮನೆ ಬಾಡಿಗೆ, ಮಕ್ಕಳ ಶಾಲೆ, ಡ್ರೈವಿಂಗ್ ಲೈಸೆನ್ಸ್‌ಗಳ ಬಗ್ಗೆ ವಿಚಾರಿಸಿದ ಮೇಲೆ ಟಿಪ್ಸ್ ವಿಷಯಕ್ಕೆ ಬರುತ್ತಾರೆ. ಎಷ್ಟು ಕೊಡಬೇಕೆಂಬುದು ಎರಡು ಮೂರು ಸಲ ಹೊರಗೆ ಊಟ ಮಾಡುವಷ್ಟರಲ್ಲಿ ಎಲ್ಲರಿಗೂ ತಿಳಿದುಬಿಡುತ್ತದೆ. ಆದರೆ ಸರ್ವರ್ ತಂದಿಟ್ಟ ಬಿಲ್ಲಿನಲ್ಲಿ ನಾವು ತಿಂದ ಒಂದು ತಿನಿಸೇ ಕಾಣದಿದ್ದಾಗ ಏನು ಮಾಡಬೇಕು, ಟಿಪ್ಪನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ಊರಿನ ದರ್ಶಿನಿಯಲ್ಲಿ ಮೊದಲು ಹಣ ಕೊಟ್ಟು ಟೋಕನ್ ಪಡೆದು ಆಮೇಲೆ ತಿಂಡಿ ತೆಗೆದುಕೊಳ್ಳುವುದರಿಂದ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಕುಳಿತು ಊಟ ಮಾಡುವ ಹೋಟೆಲಿನಲ್ಲಿಯೂ ಸೋಂಪಿನ ತಟ್ಟೆಯಲ್ಲಿ ಬಂದ ಚಿಲ್ಲರೆಯಿಂದ ಹತ್ತೋ ಇಪ್ಪತ್ತೋ ರೂಪಾಯಿ ಬಿಟ್ಟು ಏಳುತ್ತೇವೆ; ಅದು ಸಂತೋಷಕ್ಕೆ ಕೊಡುವ ಭಕ್ಷೀಸು. ಇಲ್ಲಿ ಟಿಪ್ ಎಂಬುದು ಸಂಬಳದ ಒಂದು ಭಾಗ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರ್ ಇದೆ. ಟಿಪ್ ಪಡೆಯುವ ಕೆಲಸಗಾರರಿಗೆ ಮಾಲೀಕರು ತಮ್ಮ ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕು, ಮತ್ತು ಈ ಅಂಕಿ 1991ರಿಂದ ಕದಲಿಲ್ಲ. ಉಳಿದ 5.12 ಡಾಲರ್ ಟಿಪ್ಪಿನಿಂದ ಬರಬೇಕು; ಬಾರದಿದ್ದರೆ ಮಾಲೀಕರು ತುಂಬಿಕೊಡಬೇಕು. ಟೆಕ್ಸಸ್ ಇದೇ ಲೆಕ್ಕವನ್ನು ಅನುಸರಿಸುತ್ತದೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿನ್ನೆಸೋಟಾದಂತಹ ರಾಜ್ಯಗಳಲ್ಲಿ ಸರ್ವರ್‌ಗಳಿಗೂ ಪೂರ್ಣ ಕನಿಷ್ಠ ವೇತನವನ್ನೇ ಕೊಡಬೇಕಾದರೂ ಟಿಪ್ ಕೊಡುವ ವಾಡಿಕೆ ಅಲ್ಲಿಯೂ ಹೀಗೆಯೇ ಇದೆ.

ಈ ಹಿನ್ನೆಲೆ ತಿಳಿದಿದ್ದರೆ ನಿಯಮ ಸುಲಭ: ಟಿಪ್ಪನ್ನು ಬಿಲ್ಲಿನಲ್ಲಿ ಅಚ್ಚಾದ ಮೊತ್ತದ ಮೇಲಲ್ಲ, ನೀವು ತಿಂದು ಕುಡಿದದ್ದರ ಪೂರ್ಣ ಬೆಲೆಯ ಮೇಲೆ ಕೊಡಬೇಕು. ಸರ್ವರ್ ನಿಮ್ಮ ಮೇಜಿಗೆ ನಾಲ್ಕು ತಟ್ಟೆ ಹೊತ್ತು ತಂದಿದ್ದಾರೆ. ಯಂತ್ರದಲ್ಲಿ ಮೂರೇ ದಾಖಲಾಗಿದ್ದರೆ ಅವರ ದುಡಿಮೆ ಮೂರು ತಟ್ಟೆಯಷ್ಟೇ ಆಗುವುದಿಲ್ಲ. ಉದಾಹರಣೆಗೆ ನಿಮ್ಮ ಊಟದ ಬೆಲೆ ತೆರಿಗೆಗೆ ಮೊದಲು 84 ಡಾಲರ್ ಆಗಬೇಕಿತ್ತು, 14 ಡಾಲರಿನ ಒಂದು ಖಾದ್ಯ ಬಿಟ್ಟುಹೋಗಿ 70 ಎಂದು ಬಂದಿದೆ ಎನ್ನೋಣ. ಶೇಕಡಾ 20ರಂತೆ 70ಕ್ಕೆ 14 ಡಾಲರ್, 84ಕ್ಕೆ 16.80 ಡಾಲರ್. ವ್ಯತ್ಯಾಸ ಮೂರು ಡಾಲರ್‌ಗೂ ಕಡಿಮೆ. ಬಿಲ್ಲಿನ ಅಡಿಯಲ್ಲಿ ಶೇಕಡಾ 18, 20, 22 ಎಂದು ಮೊದಲೇ ಲೆಕ್ಕ ಹಾಕಿ ಅಚ್ಚು ಮಾಡಿರುತ್ತಾರಲ್ಲ, ಆ ಸಂಖ್ಯೆಗಳು ತಪ್ಪಾದ ಮೊತ್ತದ ಮೇಲೆಯೇ ನಿಂತಿರುವುದರಿಂದ ಅಂದು ಅವುಗಳನ್ನು ನಂಬಬೇಡಿ. ರಿಯಾಯಿತಿ ಕೂಪನ್ ಬಳಸಿದಾಗ, ಅಥವಾ ಅಡುಗೆ ತಡವಾಯಿತೆಂದು ಮ್ಯಾನೇಜರ್ ಒಂದು ಖಾದ್ಯದ ಬೆಲೆಯನ್ನು ಬಿಟ್ಟುಕೊಟ್ಟಾಗ ಕೂಡ ಪೂರ್ಣ ಬೆಲೆಯ ಮೇಲೆಯೇ ಟಿಪ್ ಕೊಡುವುದು ಇಲ್ಲಿನ ಕ್ರಮ.

ಟಿಪ್ಪಿನ ಲೆಕ್ಕ ಅಷ್ಟೇ. ಬಿಟ್ಟುಹೋದ 14 ಡಾಲರ್, ಅದರ ಮೇಲಿನ ಶೇಕಡಾ 8.25 ತೆರಿಗೆಯೂ ಸೇರಿ ಸುಮಾರು 15 ಡಾಲರಿನ ಕಥೆ ಬೇರೆ, ಮತ್ತು ನಮ್ಮವರು ಹೆಚ್ಚು ಎಡವುವುದು ಇಲ್ಲಿಯೇ. ನಾನೂ ಎಡವಿದ್ದೇನೆ. ನಾವು ಬಂದ ಮೊದಲ ಚಳಿಗಾಲದಲ್ಲಿ ಎರಡು ಕುಟುಂಬಗಳು ಸೇರಿ ಊಟಕ್ಕೆ ಹೋಗಿದ್ದೆವು. ಪುಸ್ತಕದಂತೆ ಮಡಚುವ ಕಪ್ಪು ಹೊದಿಕೆಯೊಳಗೆ ಬಿಲ್ಲು, ಎರಡು ಪೆಪ್ಪರ್‌ಮಿಂಟ್, ಒಂದು ಪೆನ್ನು ಇಟ್ಟು ಸರ್ವರ್ ಕಾರ್ಡ್ ತೆಗೆದುಕೊಂಡು ಹೋದರು. ಕಾರ್ಡ್ ಹಿಂದಿರುಗಿ ಬಂದ ಮೇಲೆ ನನ್ನ ಹೆಂಡತಿ ಬಿಲ್ಲನ್ನು ಬೆರಳಿಟ್ಟು ಓದುತ್ತಾ, ಅಣಬೆಯ ಸೂಪ್ ಇದರಲ್ಲಿ ಇಲ್ಲವಲ್ಲ ಎಂದಳು. ಎಲ್ಲರೂ ಕೋಟು ಹಾಕಿಕೊಂಡಾಗಿತ್ತು. ನಾನು ಸೂಪಿನ ಬೆಲೆ ಎಂಟು ಡಾಲರನ್ನು, ಕಾರ್ಡಿನೊಂದಿಗೆ ಸಹಿಗೆ ಬಂದ ರಸೀದಿಯ ಟಿಪ್ಪಿನ ಸಾಲಿನಲ್ಲಿ ಸೇರಿಸಿ ಬರೆದು, ಋಣ ತೀರಿತೆಂದು ಎದ್ದು ಬಂದೆ.

ಅದು ತೀರಿರಲಿಲ್ಲ ಎಂಬುದನ್ನು ನನಗೆ ತಿಳಿಸಿಕೊಟ್ಟವರು, ಇಲ್ಲಿಯೇ ಬೆಳೆದು ಕಾಲೇಜು ದಿನಗಳಲ್ಲಿ ಸರ್ವರ್ ಆಗಿ ದುಡಿದ ನಮ್ಮ ಸದಸ್ಯರೊಬ್ಬರ ಮಗಳು. ಟಿಪ್ಪಿನ ಸಾಲಿನಲ್ಲಿ ಬರೆದ ಹಣ ಸಿಬ್ಬಂದಿಗೆ ಸೇರುತ್ತದೆ. ಫೆಡರಲ್ ಕಾನೂನಿನ ಪ್ರಕಾರ ಅದನ್ನು ಮಾಲೀಕರಾಗಲಿ ಮ್ಯಾನೇಜರ್ ಆಗಲಿ ಇಟ್ಟುಕೊಳ್ಳುವಂತಿಲ್ಲ. ಸೂಪಿನ ಬೆಲೆ ಅಂಗಡಿಗೆ ಸೇರಬೇಕಾದ ಹಣ. ಒಬ್ಬರಿಗೆ ಕೊಡಬೇಕಾದ್ದನ್ನು ಇನ್ನೊಬ್ಬರ ಕೈಗೆ ಹಾಕಿದರೆ ಲೆಕ್ಕ ಸರಿಹೋಗುವುದಿಲ್ಲ. ಕೊಟ್ಟವರಿಗೆ ಸಮಾಧಾನ ಸಿಗುತ್ತದೆ, ಅಷ್ಟೆ. ಆದ್ದರಿಂದ ಬಿಟ್ಟುಹೋದ ಮೊತ್ತವನ್ನು ಟಿಪ್ಪಿನೊಳಗೆ ಸೇರಿಸಬೇಡಿ, ಬಾಯಿಬಿಟ್ಟು ಹೇಳಿ.

ಹೇಳುವುದನ್ನು ಕಾರ್ಡ್ ಕೊಡುವ ಮೊದಲೇ ಹೇಳಬೇಕು. ಆಗ ಸರ್ವರ್ ತಾವೇ ಒಂದು ನಿಮಿಷದಲ್ಲಿ ಸೇರಿಸಿ ಹೊಸ ಬಿಲ್ಲು ತರುತ್ತಾರೆ. ಹಣ ಕಟ್ಟಿದ ಮೇಲಾದರೆ ಎಷ್ಟೋ ಕಡೆ ಮ್ಯಾನೇಜರನ್ನು ಕರೆಯಬೇಕಾಗುತ್ತದೆ, ಅದು ಅವರಿಗೆ ಮುಜುಗರ. ಇಲ್ಲಿ ಬಿಲ್ಲಿಗೆ ಚೆಕ್ ಎನ್ನುತ್ತಾರೆ. "ವೀ ಹ್ಯಾಡ್ ಟೂ ಸೂಪ್ಸ್, ಬಟ್ ಐ ಸೀ ಓನ್ಲಿ ಒನ್ ಆನ್ ದ ಚೆಕ್" ಎಂದು ಮೆಲುದನಿಯಲ್ಲಿ ಸರ್ವರ್‌ಗೇ ಹೇಳಿದರೆ ಸಾಕು. ನಾವು ಹೇಳಿದರೆ ಪಾಪ ಅವರ ಸಂಬಳದಲ್ಲಿ ಮುರಿದುಕೊಳ್ಳುತ್ತಾರೇನೋ ಎಂದು ಎಷ್ಟೋ ಜನ ಸುಮ್ಮನಾಗುತ್ತಾರೆ. 2.13 ಡಾಲರ್ ಲೆಕ್ಕದಲ್ಲಿ ದುಡಿಯುವವರ ಸಂಬಳದಿಂದ ಇಂತಹ ಕೊರತೆಯನ್ನು ಮುರಿದುಕೊಳ್ಳಲು ಫೆಡರಲ್ ಕಾನೂನು ಬಿಡುವುದಿಲ್ಲ. ಸುಮ್ಮನಿರುವುದರಿಂದ ಅವರಿಗೆ ಉಪಕಾರವೇನೂ ಆಗುವುದಿಲ್ಲ.

ಹೇಳಿದ ಮೇಲೂ ಸರ್ವರ್ "ಡೋಂಟ್ ವರಿ ಅಬೌಟ್ ಇಟ್" ಎಂದರೆ ಇನ್ನೊಂದು ಸಲ ಸೇರಿಸಲು ಕೇಳಿ. ಆಗಲೂ ಬೇಡವೆಂದರೆ ಅವರ ಮಾತಿಗೆ ಒಪ್ಪಿ, ಪೂರ್ಣ ಬೆಲೆಯ ಮೇಲೆ ಟಿಪ್ ಕೊಟ್ಟು, ಮನಸ್ಸಿದ್ದರೆ ಒಂದೆರಡು ಡಾಲರ್ ಹೆಚ್ಚಿಗೆ ಬರೆಯಿರಿ. ಆದರೆ ದೊಡ್ಡ ಟಿಪ್ಪಿನ ಆಸೆಗೆ ಬೇಕೆಂದೇ ಬಿಟ್ಟಿದ್ದಾರೆ ಎಂಬ ಸುಳಿವು ಅವರ ಮಾತಿನಲ್ಲಿಯೇ ಸಿಕ್ಕರೆ, ದಯವಿಟ್ಟು ಬಿಲ್ಲಿಗೆ ಸೇರಿಸಿ ಎಂದು ಗಟ್ಟಿಯಾಗಿ ಕೇಳಿಕೊಳ್ಳಿ. ಸಿಕ್ಕಿಬಿದ್ದರೆ ಅವರ ಕೆಲಸಕ್ಕೇ ಕುತ್ತು ಬರುತ್ತದೆ, ಅದರಲ್ಲಿ ನೀವು ಪಾಲುದಾರರಾಗಬಾರದು.

ಕೋಕ್ ಅಥವಾ ಐಸ್ಡ್ ಟೀಯನ್ನು ಮೂರು ಸಲ ತುಂಬಿಸಿಕೊಂಡು ಬಿಲ್ಲಿನಲ್ಲಿ ಒಂದೇ ಇದ್ದರೆ ಅದು ತಪ್ಪಲ್ಲ, ಹೆಚ್ಚಿನ ಕಡೆ ಮರುತುಂಬುವುದಕ್ಕೆ ದುಡ್ಡಿಲ್ಲ. ನಮ್ಮವರ ಗುಂಪುಗಳಲ್ಲಿ ನಿಜವಾಗಿ ತಪ್ಪಾಗುವುದು ಒಂದು ಮೇಜಿನ ಬಿಲ್ಲನ್ನು ಮೂರು ನಾಲ್ಕು ಕುಟುಂಬಗಳಿಗೆ ಹಂಚಿಸಿದಾಗ. ಹಂಚಿ ತಿಂದ ತಿನಿಸು ಯಾರ ಬಿಲ್ಲಿಗೂ ಸೇರದೆ ಉಳಿದುಬಿಡುತ್ತದೆ. ಎಲ್ಲರ ಬಿಲ್ಲುಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಇದು ಗೊತ್ತಾಗುವುದರಿಂದ, ಯಾರಾದರೂ ಒಬ್ಬರು ಆ ಹೊಣೆ ಹೊತ್ತುಕೊಳ್ಳುವುದು ಒಳ್ಳೆಯದು. ಆರು ಅಥವಾ ಹೆಚ್ಚು ಜನರಿದ್ದರೆ ಶೇಕಡಾ 18 ಅಥವಾ 20ನ್ನು ತಾವೇ ಸೇರಿಸಿಬಿಡುವ ಕಡೆಗಳಿವೆ. ಅಲ್ಲಿ ತಿನಿಸನ್ನು ಬಿಲ್ಲಿಗೆ ಸೇರಿಸಿದೊಡನೆ ಆ ಮೊತ್ತವೂ ಸರಿಯಾಗುತ್ತದೆ, ಮತ್ತೆ ಟಿಪ್ ಬರೆಯುವ ಅಗತ್ಯವಿಲ್ಲ.

ಮನೆಗೆ ಬಂದ ಮೇಲೆ ತಪ್ಪು ಕಂಡರೆ ಮೊದಲು ನೋಡಬೇಕಾದದ್ದು ನಿಮ್ಮ ಬಳಿ ಉಳಿದ ಬಿಲ್ಲಿನ ಪ್ರತಿಯನ್ನು. ಬ್ಯಾಂಕಿನ ಆ್ಯಪ್‌ನಲ್ಲಿ ಆರಂಭದಲ್ಲಿ ಟಿಪ್ ಸೇರದ ಮೊತ್ತ ಕಾಣಿಸುತ್ತದೆ, ಅದನ್ನು ಕಂಡು ಕಡಿಮೆಯಾಗಿದೆ ಎಂದುಕೊಳ್ಳಬೇಡಿ. ನಿಜಕ್ಕೂ ತಿನಿಸು ಬಿಟ್ಟುಹೋಗಿದ್ದರೆ ಊಟದ ಹೊತ್ತಿನ ನೂಕುನುಗ್ಗಲು ಇಲ್ಲದ ಮಧ್ಯಾಹ್ನ ಮೂರರ ಸುಮಾರಿಗೆ ಫೋನ್ ಮಾಡಿ, ಮ್ಯಾನೇಜರಿಗೆ ದಿನಾಂಕ, ವೇಳೆ, ಬಿಲ್ಲಿನ ಸಂಖ್ಯೆಗಳನ್ನು ಹೇಳಿ. ಕಾರ್ಡ್ ಸಂಖ್ಯೆಯನ್ನು ಫೋನಿನಲ್ಲಿ ಹೇಳಲು ಇಷ್ಟವಿಲ್ಲದಿದ್ದರೆ ಮುಂದಿನ ಸಲ ಬಂದಾಗ ಕೊಡುತ್ತೇವೆ ಎನ್ನಬಹುದು. ಹಾಗೆ ಹೇಳಿದ್ದರೆ ಆ ಬಿಲ್ಲನ್ನು ಪರ್ಸಿನಲ್ಲಿಯೇ ಇಟ್ಟುಕೊಂಡಿರಿ.