41,000 ಅಡಿಯಲ್ಲಿ ಕ್ಯಾಬಿನ್ ಒತ್ತಡ ಹೋದರೆ: ಬಿಸಿನೆಸ್ ಜೆಟ್ ಸಿಬ್ಬಂದಿಗೆ

ಮೊದಲು ಮಾಸ್ಕ್. ರೇಡಿಯೋ, ಚೆಕ್‌ಲಿಸ್ಟ್, ಯಾವ ವಾಲ್ವ್ ಕೆಟ್ಟಿತೆಂಬ ಚರ್ಚೆ ಎಲ್ಲವೂ ಆಮೇಲೆ. ಆಮ್ಲಜನಕವಿಲ್ಲದೆ ಬುದ್ಧಿ ಕೆಲಸ ಮಾಡುವ ಅವಧಿ 25,000 ಅಡಿಯಲ್ಲಿ 3ರಿಂದ 5 ನಿಮಿಷ, 35,000ದಲ್ಲಿ ಅರ್ಧದಿಂದ ಒಂದು ನಿಮಿಷ, 43,000ದಲ್ಲಿ ಬರೀ 9ರಿಂದ 12 ಸೆಕೆಂಡು. ಒತ್ತಡ ಒಮ್ಮೆಲೇ ಹೋದರೆ ಅದರಲ್ಲೂ ಅರ್ಧ. ಬಿಸಿನೆಸ್ ಜೆಟ್‌ನ ಕ್ಯಾಬಿನ್ ಚಿಕ್ಕದು. ಅಷ್ಟೇ ಗಾತ್ರದ ತೂತಿನಿಂದ ದೊಡ್ಡ ವಿಮಾನಕ್ಕಿಂತ ಬೇಗ ಬರಿದಾಗುತ್ತದೆ.

ಒಮ್ಮೆಲೇ ಹೋದರೆ ಸದ್ದು, ಮಂಜು, ಚಳಿ, ಕಿವಿನೋವು ಬಂದು ನಿಮ್ಮನ್ನು ಎಚ್ಚರಿಸುತ್ತವೆ. ಉಸಿರು ಬಿಗಿಹಿಡಿಯಬೇಡಿ, ಹೊರಬಿಡಿ. ಇಲ್ಲದಿದ್ದರೆ ಶ್ವಾಸಕೋಶಕ್ಕೆ ಪೆಟ್ಟು. ನಿಜವಾದ ಕಳ್ಳ ನಿಧಾನದ ಸೋರಿಕೆ. ಆಮ್ಲಜನಕ ಕಡಿಮೆಯಾದ ಮೆದುಳಿಗೆ ಎಲ್ಲವೂ ಸರಿಯಿದೆ ಎನ್ನಿಸುತ್ತದೆ, ಕೆಲವೊಮ್ಮೆ ಖುಷಿಯೂ ಆಗುತ್ತದೆ. ಆದ್ದರಿಂದ ನಿಮ್ಮ ಅನಿಸಿಕೆಯನ್ನಲ್ಲ, ಮೀಟರನ್ನು ನಂಬಿ. ಸಾಮಾನ್ಯವಾಗಿ ಕ್ಯಾಬಿನ್ ಎತ್ತರ (ಒಳಗಿನ ಗಾಳಿಯ ಒತ್ತಡ ಹೊರಗೆ ಯಾವ ಎತ್ತರದಲ್ಲಿರುತ್ತದೋ ಅದು) 10,000 ಅಡಿ ದಾಟಿದಾಗ ಎಚ್ಚರಿಕೆ ಮೊಳಗುತ್ತದೆ. ಅದು ಸುಳ್ಳು ಎಚ್ಚರಿಕೆಯೇ ಎಂದು ಯೋಚಿಸುವುದೂ ಮಾಸ್ಕ್ ಹಾಕಿಕೊಂಡ ಮೇಲೆಯೇ.

ಕ್ವಿಕ್ ಡಾನಿಂಗ್ ಮಾಸ್ಕನ್ನು ಒಂದೇ ಕೈಯಲ್ಲಿ 5 ಸೆಕೆಂಡಿನೊಳಗೆ ಹಾಕಿಕೊಳ್ಳಬೇಕು. ಆಮ್ಲಜನಕದ ಪ್ರಮಾಣ ನಿಯಂತ್ರಿಸುವ ರೆಗ್ಯುಲೇಟರ್ 100 ಶೇಕಡದಲ್ಲಿರಲಿ; 40,000 ಅಡಿಯ ಮೇಲೆ ಶುದ್ಧ ಆಮ್ಲಜನಕವೂ ಸಾಲದು, ಒತ್ತಡದಿಂದ ಒಳಗೆ ತಳ್ಳಬೇಕು. ತಕ್ಷಣ ಮೈಕ್ ಸ್ವಿಚ್ಚನ್ನು ಮಾಸ್ಕ್‌ಗೆ ಬದಲಿಸಿ ಜೊತೆಯ ಪೈಲಟ್‌ಗೆ ಮಾತು ಕೇಳಿಸುತ್ತಿದೆಯೇ ನೋಡಿ. ಇಲ್ಲೇ ಹೆಚ್ಚು ಜನ ಎಡವುವುದು: ಇಬ್ಬರೂ ಮಾಸ್ಕ್ ಹಾಕಿರುತ್ತಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ದಟ್ಟ ಗಡ್ಡವಿದ್ದರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ.

ಮುಂದೆ ಇಳಿಕೆ. ಥ್ರಸ್ಟ್ ಐಡಲ್ (ಎಂಜಿನ್ ಬಲ ಕನಿಷ್ಠ), ಗಾಳಿಗೆ ತಡೆಯೊಡ್ಡುವ ಸ್ಪೀಡ್‌ಬ್ರೇಕ್ ಪೂರ್ತಿ ಹೊರಗೆ, ವೇಗ ಗರಿಷ್ಠ ಮಿತಿಯ ಹತ್ತಿರ. ವಿಮಾನದ ಮೈ ಸೀಳಿರಬಹುದೆಂಬ ಅನುಮಾನವಿದ್ದರೆ ವೇಗ ಏರಿಸಬೇಡಿ. ದಾರಿಯಿಂದ ಪಕ್ಕಕ್ಕೆ ತಿರುಗಿ, 7700 ಸ್ಕ್ವಾಕ್ ಮಾಡಿ (ರೇಡಾರ್‌ಗೆ ಹೋಗುವ ತುರ್ತು ಸಂಕೇತ), ಮೇಡೇ ಮೂರು ಬಾರಿ ಹೇಳಿ. ಕೆಳಗೆ ಬೇರೆ ವಿಮಾನಗಳಿರುತ್ತವೆ. ನಿಮಿಷಕ್ಕೆ 6,000 ಅಡಿಯಂತೆ ಇಳಿದರೂ ಮಾಸ್ಕಿಲ್ಲದೆ ಉಸಿರಾಡಬಹುದಾದ 10,000ಕ್ಕೆ ಬರಲು ಐದು ನಿಮಿಷ ದಾಟುತ್ತದೆ.

10,000 ಎಂಬ ಸಂಖ್ಯೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 6,300 ಅಡಿ, ಅಲ್ಲಿ ತೊಂದರೆಯಿಲ್ಲ. ಕೇರಳದ ಆನಮುಡಿ 8,842 ಅಡಿ. ಬೆಟ್ಟದ ಮೇಲೆ ಬಿಡಬೇಕಾದ 2,000 ಅಡಿಯ ಅಂತರ ಸೇರಿಸಿದರೆ 10,000 ಸಾಲದು. ಹಿಮಾಲಯದ ಮಾತು ಬೇಡವೇ ಬೇಡ. ಕೆಲವು ಹೊಸ ಜೆಟ್‌ಗಳ ಆಟೋಪೈಲಟ್ ತಾನೇ ತಿರುಗಿ 15,000 ಅಡಿಗೆ ಇಳಿಸುತ್ತದೆ. ಬೆಟ್ಟ ಎಲ್ಲಿದೆ ಎಂಬುದನ್ನು ನೀವೇ ನೋಡಬೇಕು.

ಪ್ರಯಾಣಿಕರ ಮಾಸ್ಕ್ ತಾನಾಗಿ ಬೀಳದಿದ್ದರೆ ಕೈಯಿಂದ ಬೀಳಿಸುವ ಸ್ವಿಚ್ ಬಳಸಿ. ಸಾಮಾನ್ಯವಾಗಿ ಹಗ್ಗ ಎಳೆದ ಮೇಲಷ್ಟೇ ಆಮ್ಲಜನಕ ಹರಿಯುತ್ತದೆ; ಚೀಲ ಉಬ್ಬದಿದ್ದರೂ ಹರಿಯುತ್ತಿರಬಹುದು. ಇದನ್ನು ಹೊರಡುವ ಮೊದಲೇ ಹೇಳಿ. ಆಮ್ಲಜನಕ ಹರಿಯುವಾಗ ಸಿಗರೇಟ್ ಆಗದು.

ಕೆಳಗಿನ ಎತ್ತರಕ್ಕೆ ಇಳಿದ ಮೇಲೆ ಬ್ಲೀಡ್ ಮೂಲ (ಎಂಜಿನ್‌ನಿಂದ ಕ್ಯಾಬಿನ್‌ಗೆ ಬರುವ ಗಾಳಿ), ಔಟ್‌ಫ್ಲೋ ವಾಲ್ವ್ (ಆ ಗಾಳಿ ಹೊರಹೋಗುವ ದಾರಿ), ಬಾಗಿಲಿನ ಸೀಲ್ ಪರೀಕ್ಷಿಸಿ, ನಿಮ್ಮ ವಿಮಾನದ ಚೆಕ್‌ಲಿಸ್ಟ್‌ನ ಕ್ರಮದಲ್ಲಿ. 10,000 ಅಡಿಯಲ್ಲಿ ಜೆಟ್ ಇಂಧನವನ್ನು ವಿಪರೀತ ಕುಡಿಯುತ್ತದೆ. ಬೆಂಗಳೂರಿನಿಂದ ದುಬೈಗೆ ಅರಬ್ಬಿ ಸಮುದ್ರದ ಮೇಲೆ ಹೋಗುವವರು ನಡುದಾರಿಯಲ್ಲಿ ಹೀಗೆ 10,000ಕ್ಕೆ ಇಳಿದರೆ ಯಾವ ದಡ ಮುಟ್ಟಬಹುದೆಂದು ಮೊದಲೇ ಲೆಕ್ಕ ಹಾಕಿರಬೇಕು. ಆಮೇಲೆ ಯಾರಿಗಾದರೂ ಕೀಲುನೋವು, ಜೋಮು ಬಂದರೆ ಅದು ಡಿಕಂಪ್ರೆಷನ್ ಕಾಯಿಲೆ (ಒತ್ತಡ ಇಳಿದಾಗ ದೇಹದಲ್ಲಿ ಗಾಳಿಗುಳ್ಳೆ ಏಳುವುದು) ಇರಬಹುದು, ವೈದ್ಯರಿಗೆ ತೋರಿಸಿ.

1999ರ ಅಕ್ಟೋಬರ್ 25ರಂದು ಒರ್ಲ್ಯಾಂಡೋದಿಂದ ಡಲ್ಲಾಸ್‌ಗೆ ಹೊರಟ ಲಿಯರ್‌ಜೆಟ್ 35ರಲ್ಲಿ ಗಾಲ್ಫ್ ಆಟಗಾರ ಪೇನ್ ಸ್ಟೀವರ್ಟ್ ಸೇರಿ ಆರೂ ಮಂದಿ ಸತ್ತರು. ಒತ್ತಡ ಹೋದ ಮೇಲೆ ಸಿಬ್ಬಂದಿಗೆ ಆಮ್ಲಜನಕ ಸಿಗದೆ ಎಚ್ಚರ ತಪ್ಪಿತು. ಒತ್ತಡ ಹೋದದ್ದೇಕೆಂದು ತನಿಖೆಗೆ ತಿಳಿಯಲಿಲ್ಲ. ವಿಮಾನ ಆಟೋಪೈಲಟ್‌ನಲ್ಲೇ ಸೌತ್ ಡಕೋಟಾದವರೆಗೆ ಹಾರಿ ಇಂಧನ ಮುಗಿದು ಬಿತ್ತು.

ಹೊರಡುವ ಮುನ್ನ ಆಮ್ಲಜನಕ ಸಿಲಿಂಡರ್‌ನ ಒತ್ತಡ ಮಾತ್ರ ನೋಡಿದರೆ ಸಾಲದು. ರಿಪೇರಿಯ ನಂತರ ವಾಲ್ವ್ ಮುಚ್ಚಿಯೇ ಉಳಿದಿರಬಹುದು. ಪೈಪಿನಲ್ಲಿ ಉಳಿದ ಗಾಳಿಯಿಂದ ಒಂದೆರಡು ಉಸಿರು ಬರುತ್ತದೆ. ಮಾಸ್ಕ್ ಹಾಕಿ ಕೆಲವು ಉಸಿರು ಎಳೆದು, ಗೇಜ್ ಕುಸಿಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಇನ್ನೊಂದು: 35,000 ಅಡಿಯ ಮೇಲೆ ಒಬ್ಬ ಪೈಲಟ್ ಎದ್ದುಹೋದರೆ ಉಳಿದ ಪೈಲಟ್ ಮಾಸ್ಕ್ ಹಾಕಿರಬೇಕೆಂದು ಅಮೆರಿಕದ ಖಾಸಗಿ ಹಾರಾಟದ ನಿಯಮ ಹೇಳುತ್ತದೆ. ಮುಜುಗರವೆನಿಸಿದರೂ ಹಾಕಿ.