ಕೌದಿ ಹೊಲಿಯಿರಿ, ವಿನ್ಯಾಸ ಕೈಗೇ ಬಿಡಿ

ಕೌದಿ, ಅಂದರೆ ಹಳೆ ಸೀರೆಯ ಪದರಿನ ಮೇಲೆ ಬಟ್ಟೆ ಚೂರು ಹಚ್ಚಿ ಹೊಲಿಯುವ ಹೊದಿಕೆ, ಕಲಿಯುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ತುಂಡುಗಳನ್ನೆಲ್ಲ ಅಳತೆ ಹಿಡಿದು ಕತ್ತರಿಸಿ, ಮಷಿನ್‌ನಲ್ಲಿ ಜೋಡಿಸಿ, ಆಮೇಲೆ ಹಳೆ ಸೀರೆಯ ಮೇಲೆ ಹಾಸಿ ಹೊಲಿಯುತ್ತಾರೆ. ನಡುವಿಗೆ ಬರುವಷ್ಟರಲ್ಲಿ ಬಟ್ಟೆ ಉಬ್ಬಿ ನೆರಿಗೆ ಬಿದ್ದಿರುತ್ತದೆ. ತುಂಡು ಇಡುತ್ತ, ಹೊಲಿಯುತ್ತ ಹೋಗಿ; ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

ಬಟ್ಟೆ ಹತ್ತಿಯದೇ ಇರಲಿ: ಹಳೆ ಧೋತರ, ಮೆತ್ತಗಾದ ಸೀರೆ, ದರ್ಜಿ ಅಂಗಡಿಯ ಚೂರುಗಳು. ಹೊಸದನ್ನು ಮೊದಲು ಒಗೆದು ಒಣಗಿಸಿ. ಪಾಲಿಸ್ಟರ್ ಬೇಡವೇ ಬೇಡ, ಜಾರುತ್ತದೆ. ಮಿರಿಮಿರಿ ಮಿಂಚುವ ಅಗ್ಗದ ದಾರವೂ ಬೇಡ. ಹಳೆ ಬಟ್ಟೆಯನ್ನು ಅದೇ ಕೊಯ್ದುಬಿಡುತ್ತದೆ. ದಪ್ಪ ನೂಲಿನ ದಾರ ತನ್ನಿ, ಒಮ್ಮೆಗೆ ಎರಡು ಮೊಳಕ್ಕಿಂತ ಹೆಚ್ಚು ಪೋಣಿಸಬೇಡಿ, ಸಿಕ್ಕಾಗುತ್ತದೆ.

18 ಅಡಿ ಸೀರೆಯನ್ನು ನಾಲ್ಕು ಪದರು ಮಡಚಿದರೆ ನಾಲ್ಕೂವರೆ ಅಡಿ ಉದ್ದದ ಚಿಕ್ಕ ಕೌದಿಗೆ ಸಾಕು. ಮೊದಲ ಸಲ ಇದಕ್ಕಿಂತ ದೊಡ್ಡದಕ್ಕೆ ಕೈ ಹಾಕಬೇಡಿ.

ಇನ್ನು ಮುಖ್ಯ ಕೆಲಸ. ಮಡಚಿದ ಸೀರೆಯನ್ನು ಗಚ್ಚಿನ ನೆಲದ ಮೇಲೆ ಹಾಸಿ, ಮೂಲೆಗಳಿಗೆ ತುಂಬಿದ ತಂಬಿಗೆ ಇಡಿ. ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ನೇವರಿಸಿ, ಒಂದೊಂದು ಗೇಣಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟವರ ಕೌದಿ ಜೋಲು ಬೀಳುವುದು ಖಚಿತ. ಅಂಚುಗಳನ್ನು ಒಳಮಡಚಿ ಹೊಲಿದ ಮೇಲೆ ಒಂದು ಮೂಲೆಯಿಂದ ಶುರು ಮಾಡಿ. ತುಂಡಿನ ಅಂಚನ್ನು ಅರ್ಧ ಇಂಚು ಮಡಚಿ, ಉಗುರಿನಿಂದ ಗೀರಿ ಕೂರಿಸಿ, ಅಂಚಿಗೆ ಸರಿಯಾಗಿಟ್ಟು ಟಾಕಿ (ಸಣ್ಣ ನೇರ ಹೊಲಿಗೆ) ಹಾಕಿ. ಅದರೊಳಗೆ ಒಂದು ಬೆರಳಿನಷ್ಟು ಬಿಟ್ಟು ಇನ್ನೊಂದು ಸಾಲು. ಮುಂದಿನ ತುಂಡು ಹಿಂದಿನದರ ಮಡಚದೆ ಬಿಟ್ಟ ಅಂಚನ್ನು ಒಂದಿಂಚು ಮುಚ್ಚಬೇಕು. ಹೀಗೆ ಸುತ್ತು ಹಾಕುತ್ತ ನಡುವಿಗೆ ಬನ್ನಿ. ಹೊಲಿಗೆ ಹತ್ತಿರವಾದಂತೆ ಕಚ್ಚಾ ದಾರ ಕೀಳಿ. ಪ್ರತಿ ಸುತ್ತು ಮುಗಿದಾಗ ಕೌದಿ ತಿರುವಿ ಹಾಕಿ ಹಿಂಬದಿ ನೋಡಿ. ಸುಕ್ಕು ಕಂಡರೆ ಆ ಸಾಲು ಬಿಚ್ಚಲೇಬೇಕು. ಸುಕ್ಕಿನ ಮೇಲೆ ತುಂಡು ಹಚ್ಚಿ ಮುಚ್ಚುವವರಿದ್ದಾರೆ. ಮಲಗಿದಾಗ ಅದು ಬೆನ್ನಿಗೆ ಒತ್ತುತ್ತದೆ.

ಬಣ್ಣ? ಚೂರುಗಳನ್ನು ಪಕ್ಕದಲ್ಲಿ ಹರವಿಕೊಂಡು ಆಗಿಂದಾಗಲೇ ಆರಿಸಿ. ಕಾಗದದ ಮೇಲೆ ಗೆರೆ ಎಳೆಯುವ ಗೊಡವೆ ಬೇಡ. ಒಂದು ತುಂಡು ಹೊಂದಲಿಲ್ಲವೆನಿಸಿದರೆ ಅದೇ ಬಣ್ಣವನ್ನು ಮುಂದಿನ ಸುತ್ತಿನಲ್ಲಿ ಇನ್ನೆರಡು ಕಡೆ ಇಡಿ, ಕಣ್ಣಿಗೆ ಒಗ್ಗುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗಿನ ಚೂರಿದ್ದರೆ ನಡುವಿಗೇ ಎತ್ತಿಡಿ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಗಳನ್ನು ನೋಡಿ: ಅಂಚಿನಿಂದ ಒಳಗೆ ಹೊಲಿಯುತ್ತಲೇ ವಿನ್ಯಾಸ ಮೂಡಿಸುತ್ತಾರೆ, ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಫೂಲ’ (ಹೂವು) ಹಚ್ಚುತ್ತಾರೆ. ಹೂವಿಲ್ಲದ ಕೌದಿ ಅವರಿಗೆ ಪೂರ್ತಿಯಾದದ್ದಲ್ಲ.

ಮೊದಲ ಸಲ ತಣ್ಣೀರಿನಲ್ಲಿ ಒಗೆಯಿರಿ, ಹಿಂಡಬೇಡಿ. ನೀರು ಇಳಿಯಲು ಬಿಟ್ಟು ನೆರಳಿನಲ್ಲಿ ಹರವಿ. ಒಣಗಿದ ಮೇಲೆ ಸಡಿಲವಾದ ಟಾಕಿ ಕಂಡರೆ ಅವತ್ತೇ ಬಿಗಿ ಮಾಡಿ.