ಗೋವಾ ಮಳೆಗೆ ಮರದ ಮನೆ ಕಟ್ಟುವುದಾದರೆ

ಮಡಗಾಂವ್, ವಾಸ್ಕೋ ಕಡೆ ಜಾಗ ತಗೊಂಡ ನಮ್ಮವರು ಈಗೀಗ ಕೇಳುತ್ತಾರೆ, ಇಲ್ಲಿ ಗ್ಲೂಲ್ಯಾಮ್ ತೊಲೆ ಹಾಕಿ ಮನೆ ಕಟ್ಟಿದರೆ ಉಳಿಯುತ್ತಾ ಅಂತ. ಉಳಿಯುತ್ತೆ, ನೀರು ನಿಲ್ಲದ ಹಾಗೆ ಕಟ್ಟಿದರೆ.

ಗ್ಲೂಲ್ಯಾಮ್ ಅಂದರೆ ಒಣಗಿಸಿದ ಹಲಗೆಗಳನ್ನು ಒಂದೇ ದಿಕ್ಕಿಗೆ ಅಂಟಿಸಿದ ತೊಲೆ. ಸಿಎಲ್‌ಟಿ (ಕ್ರಾಸ್ ಲ್ಯಾಮಿನೇಟೆಡ್ ಟಿಂಬರ್) ಅನ್ನುವ ಅಂಟಿಸಿದ ಮರದ ಫಲಕದಲ್ಲಿ ಹಲಗೆಯ ಪದರಗಳು ಒಂದು ಅಡ್ಡ, ಒಂದು ಉದ್ದ ಕೂರುತ್ತವೆ. ಅದು ಗೋಡೆಗೆ, ಮಹಡಿಗೆ. ಎಲ್ಲರೂ ಅಂಟಿಗೆ ಹೆದರುತ್ತಾರೆ. ಹೊರಗಿನ ಬಳಕೆಯ ಅಂಟಾದರೆ ಅದು ಗಟ್ಟಿ, ಕೊಳೆಯುವುದು ಮರ. ಮರದ ತೇವ ಶೇ. 20 ದಾಟಿ ಹಾಗೇ ಉಳಿದರೆ ಶಿಲೀಂಧ್ರಕ್ಕೆ ಹಬ್ಬ. ಇಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ.

ಹಾಗಾಗಿ ಮೊದಲು ದುಡ್ಡು ಹಾಕಬೇಕಾದ್ದು ಸೂರಿಗೆ, ಪಾಲಿಶ್‌ಗಲ್ಲ. ಸೂರು 3 ಅಡಿಯಾದರೂ ಹೊರಗೆ ಚಾಚಲಿ. ಮಳೆ ಅಡ್ಡಡ್ಡ ಬಡಿಯುವ ನೈಋತ್ಯದ ಕಡೆ 4 ಅಡಿಯೂ ಜಾಸ್ತಿಯಲ್ಲ. ಸೂರೇ ಇಲ್ಲದ ಡಬ್ಬಿ ಮನೆಯ ನಕ್ಷೆ ತೋರಿಸಿದರೆ ಸುಮ್ನೆ ಬೇಡ ಅನ್ನಿ.

ಆಮೇಲೆ ಕಂಬದ ಬುಡ. ಮರ ಅತಿ ಹೆಚ್ಚು ನೀರು ಹೀರುವುದು ಕೊಯ್ದ ತುದಿಯಿಂದ, ಹಾಗಾಗಿ ಕಂಬವನ್ನು ಕಾಂಕ್ರೀಟಿನಲ್ಲಿ ಹೂಳಲೇಬೇಡಿ. ಚಿರೆಕಲ್ಲಿನ ಕಟ್ಟೆ ನೆಲದಿಂದ ಒಂದೂವರೆ ಅಡಿ ಏಳಲಿ, ಅದರ ಮೇಲೆ ಕಂಬದ ಬುಡ ಹಿಡಿಯುವ ಸ್ಟೀಲ್ ಶೂ, ಕಟ್ಟೆಗೂ ಕಂಬದ ತುದಿಗೂ ನಡುವೆ ಕೈ ತೂರುವಷ್ಟು ಸಂದು. ಶೂ ಬಟ್ಟಲಿನಂತಿದ್ದರೆ ತಳಕ್ಕೆ ತೂತು ಕೊರೆಸಿ, ಇಲ್ಲಾಂದ್ರೆ ನೀರು ಅಲ್ಲೇ ನಿಂತು ಕಂಬ ತಿನ್ನುತ್ತೆ. ಕೊಯ್ದ ತುದಿಗೆ ಎಪಾಕ್ಸಿ ಸೀಲರ್ ಎರಡು ಕೋಟ್. ಈ ಸಂದು ಇದ್ದರೆ ಗೆದ್ದಲಿನ ಮಣ್ಣಿನ ಸುರಂಗವೂ ಕಣ್ಣಿಗೆ ಬೀಳುತ್ತೆ. ಹಾಗಂತ ನೆಲಕ್ಕೆ ಗೆದ್ದಲಿನ ಔಷಧಿ ಹೊಡೆಸುವುದನ್ನು ಬಿಡಬೇಡಿ.

ಸಮುದ್ರದ ಹತ್ತಿರ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟಿಗೂ ಕಂದು ಕಲೆ ಹತ್ತುತ್ತೆ, 316 ದರ್ಜೆಯದ್ದು ಕೇಳಿ. ಅಯಸ್ಕಾಂತ ಹಿಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯಲ್ಲ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಪ್ಲೈವುಡ್ಡಿಗೆ ನೀರು ತಾಕುವ ಕಡೆ ಐಎಸ್ 710 (ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕ) ಮುದ್ರೆ ನೋಡಿ. ಹೊರಗೋಡೆಯ ಹಲಗೆ ಹಿಂದೆ ಒಂದಿಂಚು ಗಾಳಿಗೆ ಬಿಡಿ, ಮೇಲೆ ಕೆಳಗೆ ಎರಡೂ ಕಡೆ ತೆರೆದಿರಲಿ, ಹುಳ ಹೋಗದ ಹಾಗೆ ಜಾಲರಿ.

ಸರಕು ಇಳಿದ ದಿನವೇ ತೇವದ ಮೀಟರ್ ಚುಚ್ಚಿ ನೋಡಿ. ಶೇ. 15ರ ಮೇಲೆ ತೋರಿಸಿದರೆ ಸಹಿ ಹಾಕಬೇಡಿ. ಪ್ಲಾಸ್ಟಿಕ್ ಸುತ್ತಿ ಬಂದಿದ್ದರೆ ಕೆಳಭಾಗ ಸೀಳಿಬಿಡಿ, ಒಳಗಿನ ಬೆವರು ಸೋರಿ ಹೋಗಲಿ. ಚೌಕಟ್ಟು ನಿಲ್ಲಿಸುವುದನ್ನು ನವೆಂಬರ್‌ನಲ್ಲಿ ಶುರು ಮಾಡಿ, ಮೇ ಅರ್ಧದೊಳಗೆ ಹೆಂಚು ಹೊದಿಸಿ. ಮೇಸ್ತ್ರಿ "ಜೂನ್‌ನಲ್ಲೂ ಮಾಡಬಹುದು ಬಿಡಿ ಸಾರ್" ಅಂದರೆ, ಟಾರ್ಪಾಲಿನ ಖರ್ಚು ಯಾರದ್ದು ಅಂತ ಆಗಲೇ ಕೇಳಿ.